ಕ್ಷಮೆ ಕೇಳದ ವೇಗದ ಬೌಲರ್

1950ರ ಏಪ್ರಿಲ್ ತಿಂಗಳು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹೊರಟ 'ಒರಾಂಟೀಸ್' ಎಂಬ ಹಡಗಿನಲ್ಲಿ ನಲವತ್ತೈದು ವರ್ಷದ ಒಬ್ಬ ಗೃಹಸ್ಥನಿದ್ದ. ಎತ್ತರವೇನಿಲ್ಲ, ಮಾತೂ ಕಡಿಮೆ. ಜೊತೆಯಲ್ಲಿ ಹೆಂಡತಿ ಮತ್ತು ಐವರು ಹೆಣ್ಣುಮಕ್ಕಳು. ಬ್ಲ್ಯಾಕ್‌ಪೂಲ್ ಎಂಬ ಕಡಲ ತೀರದ ಊರಿನಲ್ಲಿ ಮಿಠಾಯಿ ಅಂಗಡಿ ಇಟ್ಟುಕೊಂಡಿದ್ದ ಆತ ಅದನ್ನು ಮಾರಿ, ಗಂಟುಮೂಟೆ ಕಟ್ಟಿ, ಪರದೇಶದಲ್ಲಿ ಹೊಸ ಬದುಕು ಹುಡುಕಿಕೊಂಡು ಹೊರಟಿದ್ದ. ಯುದ್ಧಾನಂತರದ ಆ ವರ್ಷಗಳಲ್ಲಿ ಹಾಗೆ ವಲಸೆ ಹೋದ ಇಂಗ್ಲಿಷರು ಲಕ್ಷಗಟ್ಟಲೆ. ಆದರೆ ಈತನ ವಿಷಯ ಬೇರೆ. ಹದಿನೆಂಟು ವರ್ಷಗಳ ಹಿಂದೆ ಇದೇ ಹಡಗಿನಲ್ಲಿ ಇದೇ ದೇಶಕ್ಕೆ ಆತ ಒಮ್ಮೆ ಹೋಗಿದ್ದ. ಆಗ ಆ ದೇಶದ ಜನ ಅವನನ್ನು ತುಂಬಿದ ಮೈದಾನಗಳಲ್ಲಿ ಕೂಗಿ ಹೀಯಾಳಿಸಿದ್ದರು. ಅವನು ಎಸೆದ ಚೆಂಡುಗಳಿಗಾಗಿ ಎರಡು ದೇಶಗಳ ಸರ್ಕಾರಗಳು ತಲೆ ಕೆಡಿಸಿಕೊಂಡಿದ್ದವು.

ಆತ ಹೆರಾಲ್ಡ್ ಲಾರ್‌ವುಡ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್ ಕೌಂಟಿಯ ವೇಗದ ಬೌಲರ್. ಕ್ರಿಕೆಟ್ ಬಲ್ಲವರಿಗೆಲ್ಲ 'ಬಾಡಿಲೈನ್' ಎಂಬ ಮಾತು ಗೊತ್ತು. 1932-33ರಲ್ಲಿ ಡಾನ್ ಬ್ರಾಡ್‌ಮನ್ನನನ್ನು ಕಟ್ಟಿಹಾಕಲು ಇಂಗ್ಲೆಂಡ್ ತಂಡ ಹೂಡಿದ ತಂತ್ರ ಅದು. ತಂತ್ರ ಹೂಡಿದವನು ನಾಯಕ ಡಗ್ಲಸ್ ಜಾರ್ಡಿನ್. ಅದನ್ನು ಕೈಯಾರೆ ನಡೆಸಿಕೊಟ್ಟವನು ಲಾರ್‌ವುಡ್. ಸರಣಿ ಗೆದ್ದು ಬಂದ ಮೇಲೆ ಕ್ಷಮೆ ಕೇಳಬೇಕೆಂದು ಒತ್ತಾಯ ಬಂದದ್ದು ಮಾತ್ರ ನಾಯಕನಿಗಲ್ಲ, ಬೌಲರನಿಗೆ. ಅದು ಯಾಕೆ ಹಾಗಾಯಿತು? ಈ ಪ್ರಶ್ನೆಗೆ ಉತ್ತರ ಕ್ರಿಕೆಟ್ಟಿನ ನಿಯಮ ಪುಸ್ತಕದಲ್ಲಿ ಸಿಗುವುದಿಲ್ಲ. ಅಂದಿನ ಇಂಗ್ಲೆಂಡಿನ ಸಮಾಜದಲ್ಲಿ ಹುಡುಕಬೇಕು.

ನೆಲದಡಿಯಿಂದ ಮೈದಾನಕ್ಕೆ

ಲಾರ್‌ವುಡ್ ಹುಟ್ಟಿದ್ದು 1904ರ ನವೆಂಬರ್ 14ರಂದು, ನಾಟಿಂಗ್‌ಹ್ಯಾಮ್‌ಷೈರಿನ ನನ್‌ಕಾರ್‌ಗೇಟ್ ಎಂಬ ಸಣ್ಣ ಊರಿನಲ್ಲಿ. ಸುತ್ತಮುತ್ತಲಿನದೆಲ್ಲ ಕಲ್ಲಿದ್ದಲ ಗಣಿಗಳ ಸೀಮೆ. ತಂದೆ ಗಣಿ ಕಾರ್ಮಿಕ. ಐವರು ಗಂಡುಮಕ್ಕಳಲ್ಲಿ ಹೆರಾಲ್ಡ್ ನಾಲ್ಕನೆಯವನು. ಹದಿಮೂರನೆಯ ವಯಸ್ಸಿಗೇ ಶಾಲೆ ಮುಗಿಯಿತು. ಮರುವರ್ಷ ಗಣಿಗೆ ಇಳಿದ. ಕಲ್ಲಿದ್ದಲು ತುಂಬಿದ ಗಾಡಿಗಳನ್ನು ಎಳೆಯಲು ಆಗ ನೆಲದಡಿಯ ಸುರಂಗಗಳಲ್ಲಿ ಕುಳ್ಳು ಕುದುರೆಗಳನ್ನು ಬಳಸುತ್ತಿದ್ದರು. ಆ ಕುದುರೆಗಳನ್ನು ನಡೆಸುವುದು ಹುಡುಗನ ಕೆಲಸ. ಬೆನ್ನು ಬಗ್ಗಿಸಿ, ಕತ್ತಲಲ್ಲಿ, ದಿನವೆಲ್ಲ. ಮುಂದೆ ಆತನ ಬೆನ್ನು ಮತ್ತು ಭುಜಗಳ ಬಲ ಕಂಡು ಬೆರಗಾದವರಿಗೆ ಅದರ ಮೂಲ ಎಲ್ಲಿದೆ ಎಂದು ಹೇಳಬೇಕಾಗಿರಲಿಲ್ಲ.

ಅದೇ ಊರಿನಲ್ಲಿ ಜೋ ಹಾರ್ಡ್‌ಸ್ಟಾಫ್ ಎಂಬ ಹಿರಿಯ ಆಟಗಾರನಿದ್ದ. ನಾಟಿಂಗ್‌ಹ್ಯಾಮ್‌ಷೈರಿಗೂ ಇಂಗ್ಲೆಂಡಿಗೂ ಆಡಿದವನು. ಹುಡುಗನ ವೇಗ ಅವನ ಕಣ್ಣಿಗೆ ಬಿತ್ತು. 1923ರಲ್ಲಿ ತಂದೆ ಮಗನನ್ನು ಕರೆದುಕೊಂಡು ಟ್ರೆಂಟ್ ಬ್ರಿಜ್ ಮೈದಾನಕ್ಕೆ ಹೋದ. ಕೌಂಟಿ ಕ್ಲಬ್ಬು ಹುಡುಗನನ್ನು ಪರೀಕ್ಷಿಸಿ, ವಾರಕ್ಕೆ 32 ಷಿಲಿಂಗ್ ಸಂಬಳಕ್ಕೆ ಕರಾರು ಮಾಡಿಕೊಂಡಿತು. ಗಣಿಯಲ್ಲಿ ಸಿಗುತ್ತಿದ್ದುದಕ್ಕಿಂತ ಅದು ಕಡಿಮೆ. ಆದರೂ ತಂದೆ ಒಪ್ಪಿದ. ಮರುವರ್ಷ, 1924ರಲ್ಲಿ, ಲಾರ್‌ವುಡ್ ಕೌಂಟಿ ತಂಡಕ್ಕೆ ಮೊದಲ ಪಂದ್ಯ ಆಡಿದ.

ಆಗಿನ ಕೌಂಟಿ ಕ್ರಿಕೆಟ್ ಎಂದರೆ ಒಂದು ಬಗೆಯ ಕಾರ್ಖಾನೆ. ಮೇ ತಿಂಗಳಿನಿಂದ ಸೆಪ್ಟೆಂಬರಿನ ಮೊದಲ ವಾರದವರೆಗೆ ವಾರಕ್ಕೆ ಆರು ದಿನ ಆಟ. ಮೂರು ದಿನದ ಒಂದು ಪಂದ್ಯ ಮುಗಿದ ಸಂಜೆಯೇ ರೈಲು ಹತ್ತಿ ಇನ್ನೊಂದು ಊರಿಗೆ ಹೊರಡಬೇಕು. ವೇಗದ ಬೌಲರನಿಗೆ ಇದು ಮೂಳೆ ಮುರಿಯುವ ದುಡಿಮೆ. ಋತು ಮುಗಿದರೆ ಚಳಿಗಾಲದ ತಿಂಗಳುಗಳನ್ನು ಹೇಗೋ ದೂಡಬೇಕು. ಇಷ್ಟರ ಮೇಲೆ ಇನ್ನೊಂದು ಗೋಡೆ ಇತ್ತು. ಆಟಗಾರರಲ್ಲಿ ಎರಡು ಜಾತಿ. ಹಣಕ್ಕಾಗಿ ಆಡದವರು ಹವ್ಯಾಸಿಗಳು. ಅವರು 'ಜಂಟಲ್‌ಮನ್' ಅನ್ನಿಸಿಕೊಂಡವರು, ಹೆಚ್ಚಿನವರು ದೊಡ್ಡ ಮನೆತನದವರು, ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳಲ್ಲಿ ಓದಿದವರು. ಸಂಬಳಕ್ಕೆ ಆಡುವವರು ವೃತ್ತಿನಿರತರು. ಅವರು ಬರೀ 'ಪ್ಲೇಯರ್'ಗಳು. ಎಷ್ಟೋ ಮೈದಾನಗಳಲ್ಲಿ ಇಬ್ಬರಿಗೂ ಬೇರೆ ಬೇರೆ ಕೋಣೆ, ಮೈದಾನಕ್ಕೆ ಇಳಿಯಲು ಬೇರೆ ಬೇರೆ ಬಾಗಿಲು. ಸ್ಕೋರುಪಟ್ಟಿಯಲ್ಲಿ ಹೆಸರು ಅಚ್ಚು ಹಾಕುವ ಕ್ರಮದಲ್ಲೂ ವ್ಯತ್ಯಾಸ. ನಾಯಕನಾಗುವವನು ಹವ್ಯಾಸಿಯೇ ಆಗಿರಬೇಕು ಎಂಬುದು ಬರೆಯದ ಶಾಸನ. ವೃತ್ತಿನಿರತನಾದವನು ಅವನನ್ನು 'ಮಿಸ್ಟರ್' ಅಥವಾ 'ಸರ್' ಎನ್ನಬೇಕು, ಅವನು ಹೇಳಿದಂತೆ ಚೆಂಡು ಹಾಕಬೇಕು. ಪಂಕ್ತಿಭೇದ ಏನೆಂದು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸದ್ದಿಲ್ಲದ ಓಟ

ಲಾರ್‌ವುಡ್ ವೇಗದ ಬೌಲರುಗಳಲ್ಲಿ ಕುಳ್ಳ. ಐದು ಅಡಿ ಎಂಟು ಅಂಗುಲದ ಆಸುಪಾಸು. ಆದರೆ ಅವನ ಓಟ ನೋಡುವಂಥದ್ದು. ನಿಧಾನವಾಗಿ ಆರಂಭವಾಗಿ ಹಂತಹಂತವಾಗಿ ಏರುತ್ತ, ವಿಕೆಟ್ಟಿನ ಬಳಿ ಬರುವಾಗ ಗಾಳಿಯಂತೆ ನುಗ್ಗುವ ಓಟ. ಪಕ್ಕದಲ್ಲೇ ನಿಂತ ಅಂಪೈರನಿಗೂ ಹೆಜ್ಜೆಯ ಸಪ್ಪಳ ಕೇಳಿಸುತ್ತಿರಲಿಲ್ಲ ಎನ್ನುತ್ತಾರೆ. ಆ ವೇಗಕ್ಕೆ ಸಮನಾಗಿ ಗುರಿಯೂ ಇತ್ತು. ತನ್ನ ಆಟದ ಬಾಳಿನಲ್ಲಿ ಪ್ರಥಮ ದರ್ಜೆ ಪಂದ್ಯಗಳಲ್ಲಿ ಆತ ಗಳಿಸಿದ ವಿಕೆಟ್ಟುಗಳು 1,427. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೇರವಾಗಿ ಗೂಟ ಕಿತ್ತು ಪಡೆದವು, ಕ್ಯಾಚಿನಿಂದ ಬಂದವಲ್ಲ. ಎದೆಗೆ ಗುರಿಯಿಡುವ ಬೌಲರ್ ಎಂದು ಲೋಕ ನೆನಪಿಟ್ಟುಕೊಂಡ ಮನುಷ್ಯ ನಿಜವಾಗಿ ಗೂಟಕ್ಕೆ ಗುರಿಯಿಟ್ಟವನು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

1926ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್ ಆಡಿದ. ಅದು ಇಂಗ್ಲೆಂಡಿನಲ್ಲಿ ಗಣಿ ಮಾಲೀಕರು ಕೂಲಿ ಕಡಿತ ಮಾಡಹೊರಟು, ದೇಶವಿಡೀ ಮುಷ್ಕರ ನಡೆದ ವರ್ಷ. ಗಣಿ ಕಾರ್ಮಿಕರು ತಿಂಗಳುಗಟ್ಟಲೆ ಕೆಲಸವಿಲ್ಲದೆ ಕುಳಿತಿದ್ದರು. ಅದೇ ಬೇಸಿಗೆಯಲ್ಲಿ ಗಣಿಯಿಂದ ಬಂದ ಹುಡುಗನೊಬ್ಬ ದೇಶಕ್ಕಾಗಿ ಆಡಿದ. ಓವಲ್ ಮೈದಾನದ ಕೊನೆಯ ಟೆಸ್ಟಿನಲ್ಲಿ ಆರು ವಿಕೆಟ್ ಪಡೆದು, ಬಹುಕಾಲದಿಂದ ಕಳೆದುಕೊಂಡಿದ್ದ 'ಆಷಸ್' ಮರಳಿ ಬರಲು ನೆರವಾದ.

ಕೌಂಟಿಯಲ್ಲಿ ಆತನ ನಾಯಕ ಆರ್ಥರ್ ಕಾರ್. ಸಿರಿವಂತ, ಒರಟ, ಆದರೆ ತನ್ನ ಆಟಗಾರರ ಮೇಲೆ ಪ್ರೀತಿಯುಳ್ಳವನು. ವೇಗದ ಬೌಲರನಿಗೆ ಬಿಯರ್ ಬೇಕೇ ಬೇಕು ಎಂಬುದು ಅವನ ಸಿದ್ಧಾಂತ. ಇನ್ನೊಂದು ತುದಿಯಿಂದ ಬೌಲ್ ಮಾಡುತ್ತಿದ್ದವನು ಬಿಲ್ ವೋಸ್. ಎಡಗೈಯವನು, ಅದೇ ಗಣಿ ಸೀಮೆಯಿಂದ ಬಂದವನು. ಈ ಜೋಡಿಯ ಬಲದಿಂದ ನಾಟಿಂಗ್‌ಹ್ಯಾಮ್‌ಷೈರ್ 1929ರಲ್ಲಿ ಕೌಂಟಿ ಚಾಂಪಿಯನ್ ಆಯಿತು. ಇಡೀ ಇಂಗ್ಲೆಂಡಿನ ಬೌಲಿಂಗ್ ಸರಾಸರಿ ಪಟ್ಟಿಯಲ್ಲಿ ಲಾರ್‌ವುಡ್ ಐದು ಋತುಗಳಲ್ಲಿ ಮೊದಲ ಸ್ಥಾನ ಪಡೆದ. 1932ರ ಬೇಸಿಗೆಯಲ್ಲಂತೂ 162 ವಿಕೆಟ್ ಗಳಿಸಿದ. ಒಂದೊಂದಕ್ಕೆ ಕೊಟ್ಟ ರನ್ನು ಹದಿಮೂರಕ್ಕಿಂತ ಕಡಿಮೆ.

ಬ್ರಾಡ್‌ಮನ್ ಎಂಬ ಸಮಸ್ಯೆ

ಲಾರ್‌ವುಡ್ ಮತ್ತು ಬ್ರಾಡ್‌ಮನ್ ಮೊದಲು ಎದುರಾದ ಟೆಸ್ಟ್ 1928ರಲ್ಲಿ ಬ್ರಿಸ್ಬೇನಿನಲ್ಲಿ ನಡೆಯಿತು. ಬ್ರಾಡ್‌ಮನ್ನನಿಗೆ ಅದೇ ಮೊದಲ ಟೆಸ್ಟ್. ಲಾರ್‌ವುಡ್ 32 ರನ್ನಿಗೆ ಆರು ವಿಕೆಟ್ ಕಿತ್ತ, ಆಸ್ಟ್ರೇಲಿಯ 122ಕ್ಕೆ ಉರುಳಿತು. ಇಂಗ್ಲೆಂಡ್ ಗೆದ್ದದ್ದು 675 ರನ್ನುಗಳಿಂದ. ಆ ಸುತ್ತಿನಲ್ಲಿ ಗೆದ್ದವನು ಗಣಿಯ ಹುಡುಗ.

ಆದರೆ 1930ರಲ್ಲಿ ಕಾಲ ತಿರುಗಿತು. ಇಂಗ್ಲೆಂಡಿಗೆ ಬಂದ ಬ್ರಾಡ್‌ಮನ್ ಐದು ಟೆಸ್ಟುಗಳಲ್ಲಿ 974 ರನ್ ಸೂರೆ ಮಾಡಿದ. ಲೀಡ್ಸ್‌ನಲ್ಲಿ ಒಂದೇ ದಿನದಲ್ಲಿ 309. ಲಾರ್‌ವುಡ್ ಆಡಿದ ಮೂರು ಟೆಸ್ಟುಗಳಲ್ಲಿ ಸಿಕ್ಕಿದ್ದು ನಾಲ್ಕೇ ವಿಕೆಟ್. ಹೊಸದಾಗಿ ಹದ ಮಾಡಿದ ಗಟ್ಟಿ ಪಿಚ್ಚುಗಳಲ್ಲಿ ಬೌಲರನ ಕೈಕಟ್ಟಿದಂತಾಗಿತ್ತು. ಆಫ್ ಗೂಟದ ಹೊರಗೆ ಬಿದ್ದು ಒಳಬರುವ ಚೆಂಡಿಗೆ ಎಲ್‌ಬಿಡಬ್ಲ್ಯು ಕೊಡುವಂತಿರಲಿಲ್ಲ. ದಾಂಡಿಗರು ಧೈರ್ಯವಾಗಿ ಕಾಲು ಚಾಚಿ ಅದನ್ನು ತಡೆಯುತ್ತಿದ್ದರು. ಆ ನಿಯಮ ಸಡಿಲವಾದದ್ದು 1935ರಲ್ಲಿ. ಅಲ್ಲಿಯವರೆಗೆ ಬೌಲರನ ದುಡಿಮೆಗೆ ತಕ್ಕ ಫಲವಿರಲಿಲ್ಲ.

ಆ ಸರಣಿಯ ಕೊನೆಯ ಟೆಸ್ಟಿನಲ್ಲಿ ಮಳೆ ಬಿದ್ದು ಪಿಚ್ಚು ಹಸಿಯಾಗಿತ್ತು. ಚೆಂಡು ಏಳತೊಡಗಿತು. ಬ್ರಾಡ್‌ಮನ್ 232 ರನ್ ಮಾಡಿದನೆಂಬುದು ನಿಜ. ಆದರೂ ಎದೆಯೆತ್ತರಕ್ಕೆ ನುಗ್ಗುವ ಚೆಂಡು ಅವನಿಗೆ ಹಿತವಾಗಿಲ್ಲ ಎಂದು ಲಾರ್‌ವುಡ್‌ಗೆ ಅನ್ನಿಸಿತು. ಅದನ್ನೇ ಗಮನಿಸಿದ ಬೇರೆಯವರೂ ಇದ್ದರು. 1932ರ ಪ್ರವಾಸಕ್ಕೆ ಇಂಗ್ಲೆಂಡಿನ ನಾಯಕನಾಗಿ ಆಯ್ಕೆಯಾದ ಡಗ್ಲಸ್ ಜಾರ್ಡಿನ್ ಆ ಜಾಡು ಹಿಡಿದ.

ಜಾರ್ಡಿನ್ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ, 1900ರಲ್ಲಿ. ತಂದೆ ಅಲ್ಲಿ ದೊಡ್ಡ ವಕೀಲ. ಮಗ ಓದಿದ್ದು ವಿಂಚೆಸ್ಟರ್ ಮತ್ತು ಆಕ್ಸ್‌ಫರ್ಡ್‌ನಲ್ಲಿ. ಸ್ವತಃ ವಕೀಲಿ ಕಲಿತವನು. ನೆಟ್ಟಗಿನ ಮೂಗು, ಬಿಗಿದ ತುಟಿ, ಹಿಡಿದದ್ದನ್ನು ಬಿಡದ ಸ್ವಭಾವ. 1932ರ ಆಗಸ್ಟಿನಲ್ಲಿ ಲಂಡನ್ನಿನ ಪಿಕಡಿಲಿ ಹೋಟೆಲಿನಲ್ಲಿ ಜಾರ್ಡಿನ್, ಕಾರ್, ಲಾರ್‌ವುಡ್, ವೋಸ್ ನಾಲ್ವರೂ ಊಟಕ್ಕೆ ಸೇರಿದರು. ಲೆಗ್ ಗೂಟದ ಮೇಲೆ ನಿರಂತರವಾಗಿ ಚೆಂಡು ಹಾಕಬಲ್ಲಿರಾ ಎಂಬುದು ನಾಯಕನ ಪ್ರಶ್ನೆ. ಹಾಕಬಲ್ಲೆವು ಎಂಬುದು ಇಬ್ಬರು ಗಣಿಗಾರರ ಉತ್ತರ.

ತಂತ್ರದ ಒಳಗುಟ್ಟು

ತಂತ್ರ ಸರಳ, ಆದರೆ ಕ್ರೂರ. ಚೆಂಡು ಮೋಟಾಗಿ ಬಿದ್ದು ದಾಂಡಿಗನ ಪಕ್ಕೆ, ಭುಜ, ತಲೆಯ ಕಡೆಗೆ ಏಳಬೇಕು. ಲೆಗ್ ಬದಿಯಲ್ಲಿ ಐದಾರು ಮಂದಿ ಕೈಗೆಟುಕುವಷ್ಟು ಹತ್ತಿರ ಅರ್ಧಚಂದ್ರಾಕಾರವಾಗಿ ನಿಂತಿರಬೇಕು. ಅವರ ಹಿಂದೆ ದೂರದಲ್ಲಿ ಇನ್ನೊಬ್ಬಿಬ್ಬರು. ಈಗ ದಾಂಡಿಗ ಏನು ಮಾಡಬೇಕು? ಬ್ಯಾಟು ಅಡ್ಡ ಹಿಡಿದರೆ ಹತ್ತಿರದವರಿಗೆ ಕ್ಯಾಚು. ಎತ್ತಿ ಹೊಡೆದರೆ ದೂರದವರಿಗೆ ಕ್ಯಾಚು. ಬಗ್ಗಿದರೆ ಅಷ್ಟು ಹೊತ್ತೂ ಬಗ್ಗುತ್ತಲೇ ಇರಬೇಕು. ಸುಮ್ಮನೆ ನಿಂತರೆ ಪೆಟ್ಟು. ಆಗ ಹೆಲ್ಮೆಟ್ ಇರಲಿಲ್ಲ. ಲೆಗ್ ಬದಿಗೆ ಜನ ನಿಲ್ಲಿಸಿ ಬೌಲ್ ಮಾಡುವುದು ಹೊಸದೇನಲ್ಲ, ಹಿಂದೆಯೂ ಕೆಲವರು ಮಾಡಿದ್ದರು. ಹೊಸದು ಎಂದರೆ ಲಾರ್‌ವುಡ್‌ನ ವೇಗ ಮತ್ತು ಗುರಿ. ಗುರಿ ತಪ್ಪುವ ಬೌಲರನ ಕೈಯಲ್ಲಿ ಈ ತಂತ್ರ ರನ್ನು ಸುರಿಯುವ ದಾನಶಾಲೆ. ಲಾರ್‌ವುಡ್‌ನ ಕೈಯಲ್ಲಿ ಅದು ಆಯುಧ.

ಸಿಡ್ನಿಯ ಮೊದಲ ಟೆಸ್ಟಿನಲ್ಲಿ ಲಾರ್‌ವುಡ್ ಹತ್ತು ವಿಕೆಟ್ ಪಡೆದ, ಇಂಗ್ಲೆಂಡ್ ಹತ್ತು ವಿಕೆಟ್ಟುಗಳಿಂದ ಗೆದ್ದಿತು. ಬ್ರಾಡ್‌ಮನ್ ಆ ಪಂದ್ಯ ಆಡಿರಲಿಲ್ಲ. ಇಂಗ್ಲೆಂಡಿನ ಪರ ಮೊದಲ ಟೆಸ್ಟ್ ಆಡಿ ನೂರು ಹೊಡೆದವನು ನಮ್ಮವನೇ ಆದ ಪಟೌಡಿಯ ನವಾಬ ಇಫ್ತಿಕಾರ್ ಅಲಿ ಖಾನ್. ಆದರೆ ಆ ಲೆಗ್ ಬಲೆಯಲ್ಲಿ ಹೋಗಿ ನಿಲ್ಲಲು ನವಾಬ ಒಪ್ಪಲಿಲ್ಲ. ಜಾರ್ಡಿನ್ ವ್ಯಂಗ್ಯವಾಡಿದ; ಎರಡನೆಯ ಟೆಸ್ಟಿನ ನಂತರ ನವಾಬನಿಗೆ ತಂಡದಲ್ಲಿ ಜಾಗ ಸಿಗಲಿಲ್ಲ. ತಂಡದ ಇನ್ನೊಬ್ಬ ವೇಗದ ಬೌಲರ್ ಗಬ್ಬಿ ಆಲನ್ ಕೂಡ ಹೀಗೆ ಬೌಲ್ ಮಾಡಲಾರೆ ಎಂದ. ಅವನನ್ನು ಯಾರೂ ಕದಲಿಸಲಿಲ್ಲ. ತನ್ನ ರೀತಿಯಲ್ಲೇ ಬೌಲ್ ಮಾಡಿ 21 ವಿಕೆಟ್ ಪಡೆದ. ಆಲನ್ ಹವ್ಯಾಸಿ, ನವಾಬ ಅರಸುಮನೆತನದವನು. ಒಲ್ಲೆ ಎಂದರೆ ಅವರ ಮನೆಯ ಒಲೆಯೇನೂ ಆರುತ್ತಿರಲಿಲ್ಲ. ಸಂಬಳದ ಬೌಲರ್ ಹಾಗೆ ಹೇಳಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಲಾರ್‌ವುಡ್ ಹೇಗಾದರೂ ಒಲ್ಲೆ ಎನ್ನುತ್ತಿರಲಿಲ್ಲ. ಅವನಿಗೆ ಆ ತಂತ್ರದಲ್ಲಿ ನಂಬಿಕೆಯಿತ್ತು, ನಾಯಕನ ಮೇಲೆ ಭಕ್ತಿಯಿತ್ತು.

ಬಿರುಗಾಳಿ ಎದ್ದದ್ದು 1933ರ ಜನವರಿಯಲ್ಲಿ, ಅಡಿಲೇಡಿನ ಮೂರನೆಯ ಟೆಸ್ಟಿನಲ್ಲಿ. ಲಾರ್‌ವುಡ್‌ನ ಒಂದು ಚೆಂಡು ಆಸ್ಟ್ರೇಲಿಯದ ನಾಯಕ ಬಿಲ್ ವುಡ್‌ಫುಲ್‌ನ ಎದೆಗೆ, ಹೃದಯದ ಮೇಲೆಯೇ ಬಡಿಯಿತು. ಬ್ಯಾಟು ಬಿಟ್ಟು ಎದೆ ಹಿಡಿದುಕೊಂಡು ಆತ ತತ್ತರಿಸಿದ. ಆಗ ಕ್ಷೇತ್ರರಕ್ಷಣೆ ಮಾಮೂಲಿನಂತೆಯೇ ಇತ್ತು, ಲೆಗ್ ಬಲೆ ಹೂಡಿರಲಿಲ್ಲ. ಆದರೆ ಜಾರ್ಡಿನ್ ಎಲ್ಲರಿಗೂ ಕೇಳುವಂತೆ ಲಾರ್‌ವುಡ್‌ಗೆ ಶಹಬ್ಬಾಸ್ ಹೇಳಿದ. ಎದುರು ತುದಿಯಲ್ಲಿದ್ದ ಬ್ರಾಡ್‌ಮನ್ನನ ಕಿವಿಗೆ ಬೀಳಲಿ ಎಂದು ಹೇಳಿದ ಮಾತು ಅದು. ಲಾರ್‌ವುಡ್‌ನ ಮುಂದಿನ ಓವರಿಗೆ ಲೆಗ್ ಬಲೆ ಸಿದ್ಧವಾಯಿತು. ಐವತ್ತು ಸಾವಿರ ಜನ ಕೂಗಿದ ಕೂಗಿಗೆ ಬೇಲಿ ಹಾರಿ ಬಂದುಬಿಡುತ್ತಾರೆಂದು ಆಟಗಾರರು ಹೆದರಿದರು. ಸಂಜೆ ಕುಶಲ ವಿಚಾರಿಸಲು ಹೋದ ಇಂಗ್ಲೆಂಡಿನ ಮ್ಯಾನೇಜರ್ ಪೆಲಂ ವಾರ್ನರ್‌ಗೆ, ಮೈದಾನದಲ್ಲಿ ಎರಡು ತಂಡಗಳಿವೆ, ಕ್ರಿಕೆಟ್ ಆಡುತ್ತಿರುವುದು ಒಂದೇ ಎಂದು ವುಡ್‌ಫುಲ್ ಮುಖಕ್ಕೆ ಹೇಳಿದ. ಎರಡು ದಿನಗಳ ಮೇಲೆ ವಿಕೆಟ್ ಕೀಪರ್ ಬರ್ಟ್ ಓಲ್ಡ್‌ಫೀಲ್ಡ್‌ನ ತಲೆಬುರುಡೆ ಬಿರಿಯಿತು. ಅದೂ ಮಾಮೂಲು ಕ್ಷೇತ್ರರಕ್ಷಣೆಗೆ ಹಾಕಿದ ಚೆಂಡು; ತಪ್ಪು ತನ್ನದೇ ಎಂದು ಓಲ್ಡ್‌ಫೀಲ್ಡ್ ಹೇಳಿದ. ಆದರೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ವುಡ್‌ಫುಲ್‌ನ ಮಾತು ಪತ್ರಿಕೆಗಳಿಗೆ ಸೋರಿತು. ಆಟಗಾರನೂ ಪತ್ರಕರ್ತನೂ ಆಗಿದ್ದ ಜ್ಯಾಕ್ ಫಿಂಗಲ್ಟನ್ ಮೇಲೆ ಅನುಮಾನ ಬಿತ್ತು. ತಾನಲ್ಲ ಎಂದು ಆತ ಕೊನೆಯವರೆಗೂ ಹೇಳಿದ. ಕೋಪಗೊಂಡ ವಾರ್ನರ್, ಫಿಂಗಲ್ಟನ್‌ನನ್ನು ಔಟ್ ಮಾಡಿದರೆ ಒಂದು ಪೌಂಡ್ ಕೊಡುವುದಾಗಿ ಲಾರ್‌ವುಡ್‌ಗೆ ಹೇಳಿದನಂತೆ. ಲಾರ್‌ವುಡ್ ಅವನನ್ನು ಸೊನ್ನೆಗೆ ಬೌಲ್ಡ್ ಮಾಡಿ ಹಣ ಪಡೆದ. ಈ ಫಿಂಗಲ್ಟನ್‌ನ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕತೆಯ ಕೊನೆಗೆ ಮತ್ತೆ ಬರುತ್ತಾನೆ.

ಜನವರಿ 18ರಂದು ಆಸ್ಟ್ರೇಲಿಯದ ಕ್ರಿಕೆಟ್ ಮಂಡಳಿ ಲಂಡನ್ನಿನ ಎಂಸಿಸಿಗೆ ತಂತಿ ಕಳಿಸಿತು. ಈ ಬಗೆಯ ಬೌಲಿಂಗು ಕ್ರೀಡಾಧರ್ಮಕ್ಕೆ ವಿರುದ್ಧ ಎಂಬ ಮಾತು ಅದರಲ್ಲಿತ್ತು. ಇಂಗ್ಲಿಷ್ ಗೃಹಸ್ಥನಿಗೆ ಇದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಎಂಸಿಸಿ ಸಿಟ್ಟಿಗೆದ್ದು, ಬೇಕಿದ್ದರೆ ಪ್ರವಾಸವನ್ನೇ ರದ್ದು ಮಾಡಿ ಎಂಬರ್ಥದಲ್ಲಿ ಉತ್ತರಿಸಿತು. ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟಿನ ಕಾಲ. ಆಸ್ಟ್ರೇಲಿಯ ಲಂಡನ್ನಿನ ಸಾಲದ ಹೊರೆಯಲ್ಲಿತ್ತು. ಮಂತ್ರಿಗಳ, ಗವರ್ನರುಗಳ ನಡುವೆ ಮಾತುಕತೆ ನಡೆದವು. ಕೊನೆಗೆ ಆಸ್ಟ್ರೇಲಿಯದ ಮಂಡಳಿ ಆ ಮಾತನ್ನು ಹಿಂತೆಗೆದುಕೊಂಡಿತು, ಸರಣಿ ಮುಂದುವರಿಯಿತು.

ಇಂಗ್ಲೆಂಡ್ 4-1ರಿಂದ ಗೆದ್ದಿತು. ಲಾರ್‌ವುಡ್ ಪಡೆದದ್ದು 33 ವಿಕೆಟ್. ಬ್ರಾಡ್‌ಮನ್ನನ ಸರಾಸರಿ 56ಕ್ಕೆ ಇಳಿಯಿತು. ಬೇರೆಯವರಿಗೆ ಅದು ಭಾಗ್ಯ. ಜೀವಮಾನದ ಟೆಸ್ಟ್ ಸರಾಸರಿ 99.94 ಇದ್ದವನಿಗೆ ಅದು ಸೋಲು. ಸಿಡ್ನಿಯ ಕೊನೆಯ ಟೆಸ್ಟಿನಲ್ಲಿ ಲಾರ್‌ವುಡ್ ಬ್ಯಾಟು ಹಿಡಿದು 98 ರನ್ ಹೊಡೆದಾಗ, ಅಷ್ಟು ದಿನ ಹೀಯಾಳಿಸಿದ್ದ ಜನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಮೇಲೆ ಬೌಲ್ ಮಾಡುವಾಗ ಗಟ್ಟಿ ನೆಲಕ್ಕೆ ಅಪ್ಪಳಿಸಿ ಅಪ್ಪಳಿಸಿ ಅವನ ಎಡಗಾಲಿನ ಮೂಳೆ ಮುರಿಯಿತು. ನಿಲ್ಲಲಾಗದ ನೋವು. ಹೊರಗೆ ಹೋಗುತ್ತೇನೆಂದರೆ ಜಾರ್ಡಿನ್ ಬಿಡಲಿಲ್ಲ; ಬ್ರಾಡ್‌ಮನ್ ಇರುವವರೆಗೆ ನೀನೂ ಇರಬೇಕು ಎಂದ. ಬ್ರಾಡ್‌ಮನ್ ಔಟಾದ ಮೇಲೆ ಇಬ್ಬರೂ ಒಟ್ಟಿಗೇ ಪೆವಿಲಿಯನ್ನಿನ ಕಡೆ ನಡೆದರು. ಒಬ್ಬರೂ ಇನ್ನೊಬ್ಬರೊಂದಿಗೆ ಮಾತಾಡಲಿಲ್ಲ. ಲಾರ್‌ವುಡ್ ಟೆಸ್ಟ್ ಮೈದಾನದಿಂದ ಹೊರಬಿದ್ದದ್ದು ಹಾಗೆ, ಕುಂಟುತ್ತ. ಮತ್ತೆ ಅಲ್ಲಿಗೆ ಬರಲಿಲ್ಲ.

ಎಮ್ಮೆಗೆ ಬರೆ

ಮೊದಮೊದಲು ಇಂಗ್ಲೆಂಡಿನಲ್ಲಿ ಬಾಡಿಲೈನ್ ಎಂದರೇನು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಟೆಲಿವಿಷನ್ ಇಲ್ಲದ ಕಾಲ. ಸೋತವರು ಗೊಣಗುತ್ತಿದ್ದಾರೆ ಎಂದೇ ಹೆಚ್ಚಿನವರು ತಿಳಿದಿದ್ದರು. 1933ರ ಬೇಸಿಗೆಯಲ್ಲಿ ವೆಸ್ಟ್ ಇಂಡೀಸಿನ ಲಿಯರಿ ಕಾನ್‌ಸ್ಟಂಟೈನ್ ಮತ್ತು ಮ್ಯಾನಿ ಮಾರ್ಟಿಂಡೇಲ್ ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡಿಗೇ ಅದರ ರುಚಿ ತೋರಿಸಿದರು. ಜಾರ್ಡಿನ್ ಎದೆಗೊಟ್ಟು ನಿಂತು 127 ರನ್ ಹೊಡೆದ ಎಂಬುದು ಅವನ ದೊಡ್ಡತನ. ಆದರೆ ನೋಡಿದವರಿಗೆ ಅದು ಸಹ್ಯವಾಗಲಿಲ್ಲ. 1934ರಲ್ಲಿ ಆಸ್ಟ್ರೇಲಿಯ ತಂಡ ಇಂಗ್ಲೆಂಡಿಗೆ ಬರಬೇಕಿತ್ತು. ಬಂದರೆ ಮೈದಾನ ತುಂಬುತ್ತದೆ, ಕೌಂಟಿಗಳ ಬೊಕ್ಕಸ ತುಂಬುತ್ತದೆ. ಅತಿಥಿಗಳ ಮನಸ್ಸು ನೋಯಬಾರದು.

ಆಗ ನಾಟಿಂಗ್‌ಹ್ಯಾಮ್‌ಷೈರ್ ಕ್ಲಬ್ಬಿನ ಪೋಷಕ, ಪೀಠೋಪಕರಣ ವ್ಯಾಪಾರದಲ್ಲಿ ಸಿರಿವಂತನಾದ ಸರ್ ಜೂಲಿಯನ್ ಕಾನ್, ಲಾರ್‌ವುಡ್‌ನನ್ನು ಕರೆಸಿದ. ನಿನ್ನ ಬೌಲಿಂಗಿಗಾಗಿ ಎಂಸಿಸಿಯ ಕ್ಷಮೆ ಕೇಳು, ಆಮೇಲೆ ನಿನ್ನನ್ನು ಆರಿಸುತ್ತಾರೆ ಎಂದ. ಲಾರ್‌ವುಡ್‌ಗೆ ನಂಬಲಾಗಲಿಲ್ಲ. ನಾಯಕನ ಆಜ್ಞೆಯಂತೆ ಬೌಲ್ ಮಾಡಿದ್ದೇನೆ, ದೇಶಕ್ಕೆ ಸರಣಿ ಗೆದ್ದು ತಂದಿದ್ದೇನೆ, ಆ ನಾಯಕನನ್ನು ಆರಿಸಿ ಕಳಿಸಿದ್ದೂ ಇದೇ ಎಂಸಿಸಿ, ಕ್ಷಮೆ ಯಾವುದಕ್ಕೆ? ಹೀಗೆಂದು ನಿರಾಕರಿಸಿದ. ಆಸ್ಟ್ರೇಲಿಯದ ವಿರುದ್ಧ ಆಡುವುದಿಲ್ಲ ಎಂದು ಪತ್ರಿಕೆಯಲ್ಲೇ ಸಾರಿದ. ಅಲ್ಲಿಗೆ ಅವನ ಟೆಸ್ಟ್ ಬದುಕು 21 ಪಂದ್ಯ, 78 ವಿಕೆಟ್ಟುಗಳಿಗೆ ಮುಗಿಯಿತು. ಆಗ ಅವನಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ನಡೆದದ್ದು ಬಹುಮಟ್ಟಿಗೆ ಅದೇ. ಬಾಡಿಲೈನ್ ಗಲಾಟೆ ಮುಗಿದ ಮೇಲೆಯೂ ಎಂಸಿಸಿ ಜಾರ್ಡಿನ್‌ನನ್ನೇ ನಾಯಕನಾಗಿ ಉಳಿಸಿತು. 1933-34ರಲ್ಲಿ ಭಾರತಕ್ಕೆ ತಂಡ ಕರೆತಂದವನು ಆತನೇ. ಮುಂಬಯಿಯಲ್ಲಿ ಲಾಲಾ ಅಮರನಾಥ್ ಭಾರತದ ಮೊದಲ ಟೆಸ್ಟ್ ಶತಕ ಹೊಡೆದದ್ದು ಆ ತಂಡದ ವಿರುದ್ಧ. ಮದರಾಸಿನ ಟೆಸ್ಟಿನಲ್ಲಿ ನವೂಮಲ್ ಜವೂಮಲ್ ಮೋರೆಗೆ ಪೆಟ್ಟು ತಿಂದದ್ದೂ ಆ ತಂಡದ ವೇಗದ ಬೌಲರನಿಂದಲೇ. ಜಾರ್ಡಿನ್‌ಗೂ ಕೊನೆಗೆ ಸುಖವಿರಲಿಲ್ಲ. ಭಾರತದಲ್ಲಿದ್ದಾಗಲೇ ಆಸ್ಟ್ರೇಲಿಯದ ವಿರುದ್ಧ ಆಡುವುದಿಲ್ಲ ಎಂದು ಹೇಳಿ ಹಿಂದೆ ಸರಿದ. ಆದರೆ ಮಂಡಿಯೂರಿ ಕ್ಷಮೆ ಕೇಳು ಎಂದು ಅವನಿಗೆ ಯಾರೂ ಹೇಳಲಿಲ್ಲ. ಗೆಳೆಯ ವೋಸ್ ರಾಜಿಯಾಗಿ, 1936-37ರಲ್ಲಿ ಮತ್ತೆ ಆಸ್ಟ್ರೇಲಿಯಕ್ಕೆ ಹೋಗಿ 26 ವಿಕೆಟ್ ಪಡೆದು ಬಂದ. ಆ ತಂಡದ ನಾಯಕ ಗಬ್ಬಿ ಆಲನ್. ಲಾರ್‌ವುಡ್ ಮಾತ್ರ ಜಗ್ಗಲಿಲ್ಲ.

ಹಾಗೆಂದು ಬಾಡಿಲೈನ್ ಸರಿಯಾಗಿತ್ತು ಎನ್ನಲಾಗದು. ಹೆಲ್ಮೆಟ್ಟಿಲ್ಲದ ತಲೆಗೆ ಅಷ್ಟು ವೇಗದ ಚೆಂಡು ಎಂದಾದರೂ ಒಂದು ಪ್ರಾಣ ತೆಗೆಯುವ ಸಂಭವವಿತ್ತು. ಎಂಸಿಸಿ 1934ರಲ್ಲಿ ದಾಂಡಿಗನ ಮೇಲಿನ ನೇರ ದಾಳಿಯನ್ನು ತಡೆಯಲು ಮುಂದಾಯಿತು. ಮುಂದೆ ಲೆಗ್ ಬದಿಯಲ್ಲಿ ದಾಂಡಿಗನ ಹಿಂದೆ ಇಬ್ಬರಿಗಿಂತ ಹೆಚ್ಚು ಮಂದಿ ನಿಲ್ಲಬಾರದೆಂಬ ನಿಯಮ ಬಂತು. ಅದು ಇಂದಿಗೂ ಇದೆ. ತಂತ್ರ ತಪ್ಪಾಗಿದ್ದರೆ ಅದರ ಹೊಣೆ ಆರಿಸಿದವರದು, ಆಜ್ಞೆ ಕೊಟ್ಟವರದು, ನಡೆಸಿದವನದು, ಮೂವರದೂ ಹೌದು. ಮೂವರಲ್ಲಿ ಸಂಬಳದವನೊಬ್ಬನನ್ನೇ ಕರೆದು ತಲೆ ಬಾಗಿಸು ಎಂದದ್ದರಲ್ಲಿ ಅನ್ಯಾಯವಿದೆ.

ಶತ್ರುಗಳ ಊರಿನಲ್ಲಿ

ಟೆಸ್ಟ್ ಬಾಗಿಲು ಮುಚ್ಚಿದರೂ ಕೌಂಟಿಯ ದುಡಿಮೆ ನಿಲ್ಲಲಿಲ್ಲ. ಮುರಿದ ಕಾಲಿನಿಂದಾಗಿ ಹಳೆಯ ವೇಗ ಹೋಗಿತ್ತು. ಓಟ ಮೊಟಕು ಮಾಡಿಕೊಂಡು, ಗುರಿ ಮತ್ತು ಬುದ್ಧಿಯ ಬಲದಿಂದ ಬೌಲ್ ಮಾಡಿದ. 1936ರಲ್ಲಿ 119 ವಿಕೆಟ್ ಪಡೆದು ಮತ್ತೊಮ್ಮೆ ಸರಾಸರಿ ಪಟ್ಟಿಯ ತುದಿಗೇರಿದ. ಅದೇ ಚಳಿಗಾಲದಲ್ಲಿ ತರಬೇತುದಾರನಾಗಿ ಭಾರತಕ್ಕೂ ಬಂದು ಹೋದ. 1938ರಲ್ಲಿ ಕೌಂಟಿ ಕ್ರಿಕೆಟ್ ಬಿಟ್ಟ. ಯುದ್ಧ ಬಂತು. ಯುದ್ಧ ಮುಗಿದ ಮೇಲೆ ಉಳಿಸಿದ ಹಣದಲ್ಲಿ ಬ್ಲ್ಯಾಕ್‌ಪೂಲಿನಲ್ಲಿ ಮಿಠಾಯಿ ಅಂಗಡಿ ಕೊಂಡ. ಹೊರಗೆ ತನ್ನ ಹೆಸರಿನ ಫಲಕ ಹಾಕಲಿಲ್ಲ.

1948ರಲ್ಲಿ ಆ ಅಂಗಡಿಯನ್ನು ಹುಡುಕಿಕೊಂಡು ಒಬ್ಬ ಆಸ್ಟ್ರೇಲಿಯದವನು ಬಂದ. ಅವನೇ ಜ್ಯಾಕ್ ಫಿಂಗಲ್ಟನ್! ಒಂದು ಪೌಂಡಿನ ಪಣಕ್ಕೆ ಸೊನ್ನೆಗೆ ಔಟಾದವನು, ಬಾಡಿಲೈನಿನ ಪೆಟ್ಟುಗಳನ್ನು ಮೈಮೇಲೆ ತಿಂದವನು. ಪಡಿತರದ ಕಾಲದಲ್ಲಿ ಸಕ್ಕರೆಯೇ ಸಿಗದ ದೇಶದಲ್ಲಿ ಮಿಠಾಯಿ ಮಾರುತ್ತ ಮರೆಯಲ್ಲಿ ಬದುಕುತ್ತಿದ್ದ ಹಳೆಯ ಎದುರಾಳಿಯನ್ನು ಕಂಡು ಅವನಿಗೆ ಮರುಕವಾಯಿತು. ಆಸ್ಟ್ರೇಲಿಯಕ್ಕೆ ಬಂದುಬಿಡು ಎಂದ. ಬರೀ ಹೇಳಲಿಲ್ಲ, ನೆರವೂ ಆದ. ಮಾಜಿ ಪ್ರಧಾನಿ ಬೆನ್ ಚಿಫ್ಲಿ ಸಿಡ್ನಿಯಲ್ಲಿ ಆ ಕುಟುಂಬ ಮೊದಲು ಇಳಿದ ಹೋಟೆಲಿನ ಖರ್ಚಿನಲ್ಲಿ ಅರ್ಧವನ್ನು ಸದ್ದಿಲ್ಲದೆ ತಾನು ಭರಿಸಿದ. ಚಿಫ್ಲಿ ಎಳೆತನದಲ್ಲಿ ರೈಲ್ವೆ ಎಂಜಿನ್ ನಡೆಸಿದವನು. ದುಡಿದು ಬಂದವನ ಕಷ್ಟ ದುಡಿದವನಿಗೆ ಗೊತ್ತು.

ಸಿಡ್ನಿಯಲ್ಲಿ ಲಾರ್‌ವುಡ್ ತಂಪು ಪಾನೀಯದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಕಿಂಗ್ಸ್‌ಫರ್ಡ್ ಬಡಾವಣೆಯಲ್ಲಿ ಒಂದು ಸಾಮಾನ್ಯ ಮನೆ. ಬೀದಿಯಲ್ಲಿ ಗುರುತಿಸಿದವರು ಕೈಕುಲುಕಿದರು. ಒಂದು ಕಾಲಕ್ಕೆ ಕೂಗಿ ಅಟ್ಟಿದ ಊರು ಅವನನ್ನು ತನ್ನವನೆಂದಿತು. ಇಂಗ್ಲೆಂಡಿನಿಂದ ಬಂದ ಆಟಗಾರರು ಆ ಮನೆಗೆ ಹೋಗುವುದು ಒಂದು ಯಾತ್ರೆಯಂತಾಯಿತು. ಅಲ್ಲಿ ಅವನು ಜೋಪಾನ ಮಾಡಿಟ್ಟಿದ್ದ ಒಂದು ಬೆಳ್ಳಿಯ ಬೂದಿತಟ್ಟೆ ಇತ್ತು. ಆಷಸ್ ಗೆದ್ದದ್ದಕ್ಕಾಗಿ ನಾಯಕನ ಕೃತಜ್ಞತೆ ಎಂದು ಕೆತ್ತಿಸಿ ಜಾರ್ಡಿನ್ ಕೊಟ್ಟಿದ್ದು. ಎಂಸಿಸಿ ಬಾಯಿ ಬಿಟ್ಟು ಹೇಳದ ಮಾತು ಆ ತಟ್ಟೆಯ ಮೇಲಿತ್ತು.

ಮಾತೃಭೂಮಿಯ ಮನಸ್ಸೂ ಮೆಲ್ಲಗೆ ಕರಗಿತು. 1949ರಲ್ಲಿ ಎಂಸಿಸಿ ನಿವೃತ್ತರಾದ 26 ವೃತ್ತಿನಿರತ ಆಟಗಾರರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಂಡಾಗ ಲಾರ್‌ವುಡ್‌ನ ಹೆಸರೂ ಅದರಲ್ಲಿತ್ತು. 1952ರಲ್ಲಿ ವೃತ್ತಿನಿರತ ಲೆನ್ ಹಟನ್ ಇಂಗ್ಲೆಂಡಿನ ನಾಯಕನಾದ. 1962ರ ಋತು ಮುಗಿದ ಮೇಲೆ ಹವ್ಯಾಸಿ, ವೃತ್ತಿನಿರತ ಎಂಬ ಭೇದವನ್ನೇ ಕಿತ್ತು ಹಾಕಿದರು. 1977ರ ಮೆಲ್ಬರ್ನಿನ ಶತಮಾನೋತ್ಸವ ಟೆಸ್ಟಿಗೆ ಲಾರ್‌ವುಡ್ ಮತ್ತು ವೋಸ್ ಅತಿಥಿಗಳಾಗಿ ಬಂದರು. ಅದೇ ಮೆಲ್ಬರ್ನಿನ ಜನ ಅವರಿಗೆ ಚಪ್ಪಾಳೆ ತಟ್ಟಿದರು. 1993ರಲ್ಲಿ, ಕ್ರಿಕೆಟ್ ಪ್ರೇಮಿ ಜಾನ್ ಮೇಜರ್ ಪ್ರಧಾನಿಯಾಗಿದ್ದಾಗ, ಬ್ರಿಟಿಷ್ ಸರ್ಕಾರ ಅವನಿಗೆ ಎಂಬಿಇ ಗೌರವ ನೀಡಿತು. ಸರಣಿ ಗೆದ್ದು ಅರವತ್ತು ವರ್ಷಗಳಾಗಿದ್ದವು. ಲಾರ್‌ವುಡ್‌ನ ಕಣ್ಣು ಆಗ ಬಹುಮಟ್ಟಿಗೆ ಹೋಗಿತ್ತು.

1995ರ ಜುಲೈ 22ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಸಿಡ್ನಿಯಲ್ಲಿ ಆತ ತೀರಿಕೊಂಡ. ಇಂದು ಟ್ರೆಂಟ್ ಬ್ರಿಜ್ ಮೈದಾನದಲ್ಲಿ ಲಾರ್‌ವುಡ್ ಮತ್ತು ವೋಸ್ ಹೆಸರಿನ ಗ್ಯಾಲರಿ ಇದೆ. ಅವನ ಊರಿನ ಪಕ್ಕದ ಕರ್ಬಿ-ಇನ್-ಆಶ್‌ಫೀಲ್ಡ್‌ನಲ್ಲಿ ಬೌಲ್ ಮಾಡುತ್ತಿರುವ ಭಂಗಿಯ ಪ್ರತಿಮೆಯಿದೆ. ಆ ಸೀಮೆಯ ಕಲ್ಲಿದ್ದಲ ಗಣಿಗಳೆಲ್ಲ ಮುಚ್ಚಿಹೋಗಿವೆ. ವಾರಕ್ಕೆ 32 ಷಿಲಿಂಗಿಗೆ ಹುಡುಗನೊಬ್ಬ ಅಲ್ಲಿಂದ ಮೇಲಕ್ಕೆ ಬಂದಿದ್ದ. ದೊಡ್ಡವರು ಹೇಳಿದ್ದನ್ನೆಲ್ಲ ಆತ ಮಾಡಿದ, ಒಂದನ್ನು ಬಿಟ್ಟು.